ಉದ್ಘಾಟನೆ ಆಮೇಲೆ, ಮೊದಲು ಎರಡು ಬಾಟಲಿ ಮಣ್ಣು: ಶಾಲೆಯಲ್ಲಿ ವಿಜ್ಞಾನ ಸಂಘ ಕಟ್ಟುವ ಬಗೆ

ಜುಲೈ ಹೊತ್ತಿಗೆ ನಮ್ಮ ಕಡೆಯ ಬಹಳಷ್ಟು ಪ್ರೌಢಶಾಲೆಗಳಲ್ಲಿ ವಿಜ್ಞಾನ ಸಂಘದ ಉದ್ಘಾಟನೆ ಮುಗಿದಿರುತ್ತದೆ. ದೀಪ ಹಚ್ಚುತ್ತಾರೆ, ಅತಿಥಿಗಳು ಮಾತಾಡುತ್ತಾರೆ. ಅಧ್ಯಕ್ಷ, ಕಾರ್ಯದರ್ಶಿ ಅಂತ ಇಬ್ಬರು ಜಾಣ ಮಕ್ಕಳ ಹೆಸರು ಓದುತ್ತಾರೆ. ಫೋಟೊ ತೆಗೆದು, ವರದಿ ಬರೆದು ಫೈಲಿಗೆ ಹಾಕುತ್ತಾರೆ. ಆಮೇಲೆ ಆ ಸಂಘ ಮತ್ತೆ ಕಾಣಿಸೋದು ಫೆಬ್ರವರಿ 28ಕ್ಕೆ, ವಿಜ್ಞಾನ ದಿನದ ಭಾಷಣಕ್ಕೆ.

ನಾನು ಮೊದಲು ಪಾಠ ಮಾಡಿದ ಶಾಲೆಯಲ್ಲೂ ಎರಡು ವರ್ಷ ಹೀಗೇ ಆಯಿತು. ಮಕ್ಕಳಲ್ಲಿ ಹುರುಪು ಇರಲಿಲ್ಲ ಅಂತಲ್ಲ. ಉದ್ಘಾಟನೆಯ ಮರುವಾರ ಹತ್ತು ಹನ್ನೆರಡು ಮಕ್ಕಳು ಬಂದು ಬಾಗಿಲಲ್ಲಿ ನಿಂತರು. ಅವರಿಗೆ ಮಾಡೋಕೆ ಏನೂ ಇರಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಉಳಿಯಿತು. ಮೂರನೇ ವರ್ಷ ಗದಗ ಜಿಲ್ಲೆಯ ಇನ್ನೊಂದು ಶಾಲೆಗೆ ಬಂದಾಗ ಉದ್ಘಾಟನೆ ಬೇಡ ಅಂತ ಹೆಡ್‌ಮಾಸ್ತರಿಗೆ ಕೇಳಿಕೊಂಡೆ. ಎರಡು ಪ್ಲಾಸ್ಟಿಕ್ ಬಾಟಲಿ, ಎರಡು ಚೀಲ ಮಣ್ಣು, ಒಂದು ನೋಟುವಹಿ ಇಟ್ಟುಕೊಂಡು ಶುರು ಮಾಡಿದೆವು. ಆ ಸಂಘ ಇವತ್ತಿಗೂ ನಡೆಯುತ್ತಿದೆ.

ಅಲ್ಲಿ ಏನೇನು ಮಾಡಿದೆವು, ಯಾವ ಕ್ರಮದಲ್ಲಿ ಮಾಡಿದೆವು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸುತ್ತಿನ ಶಿಕ್ಷಕರು ಇದನ್ನು ಹಾಗೇ ಬಳಸಬಹುದು. ಎಂಟನೇ, ಒಂಬತ್ತನೇ ತರಗತಿಯ ಮಕ್ಕಳೇ ಮುಂದೆ ನಿಂತು ಶುರು ಮಾಡೋದಾದರೂ ದಾರಿ ಇದೇ. ಬೆನ್ನಿಗೆ ಒಬ್ಬ ಶಿಕ್ಷಕರು ಇದ್ದರೆ ಸಾಕು.

ಮೊದಲು ಬಸ್ಸಿನ ಟೈಮ್ ನೋಡಿ

ಸಂಘಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಒಂದು ಖಾಯಂ ದಿನ, ಒಂದು ಖಾಯಂ ತಾಸು. ಹಣ, ಕೊಠಡಿ, ಸಾಮಾನು ಎಲ್ಲ ಆಮೇಲೆ. ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಂ ನೆನಪಿಸಿಕೊಳ್ಳಿ. ಬುಧವಾರ ಬಂತು ಅಂದರೆ ನ್ಯಾಷನಲ್ ಕಾಲೇಜಿನಲ್ಲಿ ವಿಜ್ಞಾನದ ಮಾತು ಇರುತ್ತದೆ ಅಂತ ಊರಿಗೇ ಗೊತ್ತಿತ್ತು. ದಿನ ಗಟ್ಟಿಯಾಗಿದ್ದರೆ ಜನ ತಾವೇ ಬರುತ್ತಾರೆ.

ನಾವು ಮೊದಲು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ತಾಸು ಅಂತ ಇಟ್ಟೆವು. ಮೂರು ವಾರ ಚೆನ್ನಾಗಿ ನಡೆಯಿತು. ನಾಲ್ಕನೇ ವಾರ ಪಕ್ಕದ ಎರಡು ಹಳ್ಳಿಯ ಹುಡುಗಿಯರು ಒಬ್ಬರೂ ಬರಲಿಲ್ಲ. ಆಸಕ್ತಿ ಹೋಯಿತೇನೋ ಅಂದುಕೊಂಡೆ. ಕೇಳಿದಾಗ ಒಬ್ಬಳು ಹೇಳಿದಳು: "ಹನ್ನೆರಡರ ಬಸ್ ತಪ್ಪಿದ್ರ ಎರಡೂವರಿಗೇ ಐತ್ರಿ ಸರ. ಅವ್ವ ಇನ್ನ ಬ್ಯಾಡ ಅಂದಾಳ್ರಿ." ಅಷ್ಟೇ ವಿಷಯ. ಆಮೇಲೆ ಹೆಡ್‌ಮಾಸ್ತರ ಜೊತೆ ಕೂತು ವೇಳಾಪಟ್ಟಿಯಲ್ಲೇ ಗುರುವಾರದ ಕೊನೆಯ ಅವಧಿಯನ್ನು ಸಂಘಕ್ಕೆ ಬಿಡಿಸಿಕೊಂಡೆವು. ಹುಡುಗಿಯರು ವಾಪಸ್ ಬಂದರು.

ಹಾಗಾಗಿ ನಿಮ್ಮ ಶಾಲೆಗೆ ಯಾವ್ಯಾವ ಊರಿನ ಮಕ್ಕಳು ಬರುತ್ತಾರೆ, ಅವರ ಬಸ್ ಎಷ್ಟಕ್ಕೆ, ಮನೆಗೆ ಹೋಗಿ ದನ ನೋಡೋರು, ತಮ್ಮ ತಂಗಿಯನ್ನು ಕಾಯೋರು ಯಾರು ಅನ್ನೋದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ದಿನ ಆರಿಸಿ. ಆಗುವುದಾದರೆ ಶಾಲೆಯ ಸಮಯದ ಒಳಗೇ ಒಂದು ಅವಧಿ ಕೇಳಿ. ಹೆಡ್‌ಮಾಸ್ತರಿಗೆ ಹೇಳುವಾಗ ದೊಡ್ಡ ಯೋಜನೆ ಬಿಚ್ಚಬೇಡಿ. ವಾರಕ್ಕೆ ಒಂದು ಅವಧಿ, ಬೀಗ ಇರುವ ಒಂದು ಕಪಾಟು, ಮೂರು ತಿಂಗಳ ಅವಕಾಶ: ಇಷ್ಟೇ ಕೇಳಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲೂ ಎರಡು ಮಾತು ಹೇಳಿಸಿ. ಮುಂದೆ ಮಕ್ಕಳನ್ನು ಕೆರೆ, ಹೊಲ ಅಂತ ಹೊರಗೆ ಕರೆದುಕೊಂಡು ಹೋಗುವಾಗ ಊರಿನವರಿಗೆ ವಿಷಯ ಗೊತ್ತಿರುವುದು ಬಹಳ ಅನುಕೂಲ.

ಯಾರು ಬರಬೇಕು

ಎಂಟು ಮತ್ತು ಒಂಬತ್ತನೇ ತರಗತಿಯಿಂದ ಹದಿನೈದು, ಹೆಚ್ಚೆಂದರೆ ಇಪ್ಪತ್ತು ಮಕ್ಕಳು. ಹತ್ತನೆಯವರಿಗೆ ಎಸ್ಸೆಸ್ಸೆಲ್ಸಿ ಒತ್ತಡ ಇರುತ್ತದೆ, ಬಂದರೆ ಬರಲಿ, ಅವರ ಮೇಲೆ ಕೆಲಸ ಹಾಕಬೇಡಿ. ಎಂಟನೆಯವರು ಬೇಕೇ ಬೇಕು. ಅವರಿಲ್ಲದಿದ್ದರೆ ಮುಂದಿನ ವರ್ಷ ಸಂಘ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ.

ಅಂಕ ನೋಡಿ ಆರಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಮೋಟಾರು ಬಿಚ್ಚಿ ಜೋಡಿಸುವ ಹುಡುಗ, ಮನೆಯಲ್ಲಿ ಬೀಜ ಆರಿಸುವ ಹುಡುಗಿ, ಹಕ್ಕಿ ಗೂಡು ಎಲ್ಲಿದೆ ಅಂತ ಬಲ್ಲ ಹುಡುಗ, ಇವರೆಲ್ಲ ಪರೀಕ್ಷೆಯಲ್ಲಿ ಹಿಂದೆ ಇರಬಹುದು. ಪ್ರಯೋಗದ ಮೇಜಿನ ಮುಂದೆ ಇವರೇ ಮುಂದೆ ಬರುತ್ತಾರೆ. ಬರುವ ಇಷ್ಟ ಇದ್ದವರ ಹೆಸರು ಬರೆದುಕೊಳ್ಳಿ, ಜಾಸ್ತಿ ಆದರೆ ಚೀಟಿ ಎತ್ತಿ. ಹುಡುಗ ಹುಡುಗಿಯರು ಅರ್ಧರ್ಧ ಇರುವಂತೆ ನೋಡಿಕೊಳ್ಳಿ.

ಮೊದಲ ದಿನ: ಎರೆ, ಮಸಾರಿ, ಎರಡು ಬಾಟಲಿ

ಮೊದಲ ದಿನ ಭಾಷಣ ಬೇಡ. ಮಕ್ಕಳ ಕೈಗೆ ಕೆಲಸ ಕೊಡಿ. ನಮ್ಮ ಕಡೆಗೆ ಮಣ್ಣಿನಷ್ಟು ಒಳ್ಳೆಯ ಮೊದಲ ಪಾಠ ಇನ್ನೊಂದಿಲ್ಲ. ನವಲಗುಂದ, ನರಗುಂದ, ರೋಣದ ಕಡೆ ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಸ್ವಲ್ಪ ಆ ಕಡೆ ಈ ಕಡೆ ಸರಿದರೆ ಮಸಾರಿ, ಅಂದರೆ ಕೆಂಪು ಮಣ್ಣು. ಒಂದೇ ಶಾಲೆಯ ಮಕ್ಕಳ ಹೊಲಗಳಲ್ಲೇ ಎರಡೂ ಸಿಗುತ್ತವೆ. ಹಿಂದಿನ ದಿನವೇ ಇಬ್ಬರಿಗೆ ಹೇಳಿ, ಒಬ್ಬರು ಒಣ ಎರೆ ಮಣ್ಣು, ಇನ್ನೊಬ್ಬರು ಒಣ ಮಸಾರಿ ತರಲಿ. ಒಂದೊಂದು ಕಿಲೋ ಸಾಕು.

ಎರಡು ಲೀಟರ್ ಹಿಡಿಯುವ ಎರಡು ಖಾಲಿ ಬಾಟಲಿಗಳ ತಳ ಕತ್ತರಿಸಿ. ಮುಚ್ಚಳ ತೆಗೆದು ಬಾಯಿಗೆ ಹಳೆ ಹತ್ತಿ ಬಟ್ಟೆ ಕಟ್ಟಿ. ಬಾಯಿ ಕೆಳಗೆ ಬರುವಂತೆ ಬಾಟಲಿಯನ್ನು ತಿರುಗಿಸಿ, ಅಗಲ ಬಾಯಿಯ ಡಬ್ಬಿಯ ಮೇಲೆ ನಿಲ್ಲಿಸಿ. ಮಣ್ಣಿನ ಹೆಂಟೆ ಒಡೆದು ಪುಡಿ ಮಾಡಿ, ಎರಡರಲ್ಲೂ ಒಂದೇ ಎತ್ತರಕ್ಕೆ ತುಂಬಿ. ಈಗ ನೀರು ಹಾಕುವ ಮೊದಲು ನಿಲ್ಲಿಸಿ. ಪ್ರತಿಯೊಬ್ಬರೂ ತಮ್ಮ ಅಂದಾಜು ಬರೆಯಬೇಕು: ಯಾವುದರಿಂದ ನೀರು ಮೊದಲು ಬೀಳುತ್ತದೆ? ಯಾವುದು ಜಾಸ್ತಿ ನೀರು ಹಿಡಿದುಕೊಳ್ಳುತ್ತದೆ? ಯಾಕೆ? ಆಮೇಲೆ ಎರಡಕ್ಕೂ 300 ಮಿಲಿ ಲೀಟರ್ ನೀರನ್ನು ಮೆಲ್ಲಗೆ ಹಾಕಿ. ಒಬ್ಬರು ಗಡಿಯಾರ ನೋಡಲಿ. ಮೊದಲ ಹನಿ ಎಷ್ಟು ನಿಮಿಷಕ್ಕೆ ಬಿತ್ತು, ಕೊನೆಗೆ ಎಷ್ಟು ನೀರು ಕೆಳಗೆ ಬಂತು, ಎರಡನ್ನೂ ಬರೆಯಿರಿ.

ಮಸಾರಿಯಲ್ಲಿ ನೀರು ಬೇಗ ಇಳಿಯಿತು. ಎರೆ ಮಣ್ಣಿನ ಮೇಲೆ ನೀರು ನಿಂತೇ ಬಿಟ್ಟಿತು. ಎರೆಯಲ್ಲಿ ಜೇಡಿ ಕಣ ಜಾಸ್ತಿ, ಅದು 0.002 ಮಿಲಿಮೀಟರ್‌ಗಿಂತ ಸಣ್ಣದು, ಹಾಗಾಗಿ ಕಣಗಳ ನಡುವೆ ದಾರಿ ಕಡಿಮೆ, ಅಂತ ವಿವರಿಸೋಕೆ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದೆ ನಿಂತಿದ್ದ ಒಬ್ಬ ಹುಡುಗ ಕೇಳಿದ: "ನಮ್ಮ ಹೊಲದಾಗ ಹಿಂಗ ಆಗೂದಿಲ್ರಿ ಸರ. ಮೊದಲ್ನೇ ಮಳ್ಯಾಗ ಬಿರುಕಿನಾಗ ನೀರು ಗಟಗಟ ಇಳದ ಹೋಗತೈತಿ. ಇಲ್ಲ್ಯಾಕ ನಿಂತೈತಿ?"

ತರಗತಿಯಲ್ಲಿ ಅವನು ಆ ವರ್ಷ ಅದಕ್ಕಿಂತ ಮೊದಲು ಒಂದೂ ಪ್ರಶ್ನೆ ಕೇಳಿರಲಿಲ್ಲ. ಅವನು ಹೇಳಿದ್ದು ಸರಿ, ನಾವು ನೋಡಿದ್ದೂ ಸರಿ. ಉತ್ತರ ಹೇಳಬೇಕು ಅನ್ನೋ ಆಸೆ ತಡೆದುಕೊಂಡೆ. "ಮತ್ತ ಹೆಂಗ ನೋಡೂಣು?" ಅಂತ ಅವನನ್ನೇ ಕೇಳಿದೆ. ಮಣ್ಣನ್ನು ಪುಡಿ ಮಾಡಿದ್ದೇ ತಪ್ಪು, ಕೆಸರು ಮಾಡಿ ಒಣಗಿಸಬೇಕು ಅಂತ ಮಕ್ಕಳೇ ತೀರ್ಮಾನ ಮಾಡಿದರು. ಬಾಟಲಿಯಲ್ಲಿ ಎರೆ ಕೆಸರು ತುಂಬಿ ಬಿಸಿಲಿಗೆ ಇಟ್ಟರು. ಎರಡು ವಾರದಲ್ಲಿ ಅದು ಕುಗ್ಗಿ ಬಿರುಕು ಬಿಟ್ಟಿತು, ಬಾಟಲಿಯ ಗೋಡೆಯಿಂದಲೂ ದೂರ ಸರಿಯಿತು. ನೀರು ಹಾಕಿದ ಕೂಡಲೇ ಬಿರುಕಿನಲ್ಲಿ ಸರ್ರನೆ ಇಳಿಯಿತು. ಆಮೇಲೆ ನೋಡುನೋಡುತ್ತ ಮಣ್ಣು ಉಬ್ಬಿತು, ಬಿರುಕು ಮುಚ್ಚಿತು, ನೀರು ನಿಂತಿತು. ಎರೆಯ ಜೇಡಿ ಕಣದ ಒಳಗೆ ಪದರಗಳಿವೆ. ನೀರು ಆ ಪದರಗಳ ನಡುವೆ ಸೇರಿಕೊಂಡರೆ ಮಣ್ಣು ಹಿಗ್ಗುತ್ತದೆ, ನೀರು ಹೋದರೆ ಕುಗ್ಗುತ್ತದೆ. ಇದನ್ನು ಹೇಳೋಕೆ ಅದೇ ಸರಿಯಾದ ಹೊತ್ತು. ಆಗ ಮಕ್ಕಳಿಗೆ ಅದು ಬೇಕಾಗಿತ್ತು.

ಆ ಹುಡುಗನ ಪ್ರಶ್ನೆ ಇಲ್ಲದಿದ್ದರೆ ನಮ್ಮ ಸಂಘ ಬರೀ ಪ್ರಯೋಗ ತೋರಿಸುವ ಅವಧಿ ಆಗುತ್ತಿತ್ತು. ಮೊದಲ ತಿಂಗಳಲ್ಲಿ ನಿಮ್ಮ ಕೆಲಸ ಒಂದೇ: ಇಂಥ ಒಂದು ಪ್ರಶ್ನೆ ಮಕ್ಕಳಿಂದ ಬರುವ ತನಕ ಕಾಯೋದು, ಬಂದಾಗ ಅದರ ಹಿಂದೆ ಹೋಗೋದು. ಮುಂದಿನ ವಾರ ಬೇರೇನೋ ಮಾಡಬೇಕು ಅಂತ ಯೋಜನೆ ಹಾಕಿದ್ದರೆ ಅದನ್ನು ಪಕ್ಕಕ್ಕಿಡಿ.

ಒಂದೇ ವಹಿ

ಸಂಘಕ್ಕೆ ಒಂದು ದಪ್ಪ ನೋಟುವಹಿ ಇರಲಿ. ಒಬ್ಬೊಬ್ಬರಿಗೆ ಒಂದೊಂದು ಬೇಡ, ಎಲ್ಲರಿಗೂ ಸೇರಿ ಒಂದೇ. ಪ್ರತಿ ಗುರುವಾರ ಇಬ್ಬರು ಸೇರಿ ಒಂದು ಪುಟ ಬರೆಯಲಿ. ತಾರೀಖು, ಬಂದವರ ಹೆಸರು, ನಾವು ಏನು ಅಂದುಕೊಂಡಿದ್ದೆವು, ಏನು ಕಂಡಿತು, ಏನು ತಿಳಿಯಲಿಲ್ಲ. ಅಳತೆ ಇದ್ದರೆ ಅಂಕಿಯಲ್ಲೇ ಬರೆಯಬೇಕು. "ಬಹಳ ನೀರು" ಅನ್ನೋದಕ್ಕೆ ಜಾಗ ಇಲ್ಲ, "210 ಮಿಲಿ ಲೀಟರ್" ಅಂತ ಇರಬೇಕು.

ತಪ್ಪು ಅಂದಾಜನ್ನು ಅಳಿಸುವಂತಿಲ್ಲ. ಬಿಳಿ ಬಣ್ಣ ಹಚ್ಚುವಂತಿಲ್ಲ. ನಮ್ಮ ಮಕ್ಕಳಿಗೆ ಇದು ಎಲ್ಲಕ್ಕಿಂತ ಕಷ್ಟವಾಯಿತು. ತಪ್ಪು ಬರೆದರೆ ಕೆಂಪು ಗೆರೆ ಬೀಳುತ್ತದೆ ಅನ್ನೋ ಹೆದರಿಕೆ ಒಳಗೆ ಕೂತಿರುತ್ತದೆ. ನನ್ನದೇ ಅಂದಾಜನ್ನೂ ಪ್ರತಿ ಸಲ ಬರೆಸಿದೆ. ಅದು ತಪ್ಪಾದಾಗ ಅದೂ ಅಲ್ಲೇ ಉಳಿಯಿತು. ಎರಡು ತಿಂಗಳಾದ ಮೇಲೆ ಮಕ್ಕಳು ಹೆದರದೆ ಬರೆಯೋಕೆ ಶುರು ಮಾಡಿದರು. "ಏನು ತಿಳಿಯಲಿಲ್ಲ" ಅನ್ನೋ ಸಾಲು ಖಾಲಿ ಬಿಡಬಾರದು. ಮುಂದಿನ ವಾರದ ಕೆಲಸ ಅಲ್ಲಿಂದಲೇ ಹುಟ್ಟುತ್ತದೆ.

ಅಧ್ಯಕ್ಷ, ಕಾರ್ಯದರ್ಶಿ ಹುದ್ದೆ ನಾವು ಇಟ್ಟಿಲ್ಲ. ಶಾಲೆಯ ದಾಖಲೆಗೆ ಹೆಸರು ಬೇಕಾದರೆ ಬರೆಯಿರಿ. ಒಳಗೆ ಮಾತ್ರ ಕೆಲಸದ ಹೆಸರು ಇರಲಿ: ಮಳೆ ಅಳೆಯೋರು, ಕಪಾಟು ನೋಡೋರು, ವಹಿ ಬರೆಯೋರು, ಗಡಿಯಾರ ನೋಡೋರು. ತಿಂಗಳಿಗೊಮ್ಮೆ ಬದಲಾಗಲಿ. ಕಸ ಗುಡಿಸೋದು ಹುಡುಗಿಯರ ಪಾಲಿಗೆ, ಅಳೆಯೋದು ಹುಡುಗರ ಪಾಲಿಗೆ ಆಗದಂತೆ ಕಣ್ಣಿಡಿ. ಬಿಟ್ಟರೆ ತಾನಾಗಿಯೇ ಹಾಗೆ ಆಗಿಬಿಡುತ್ತದೆ.

ಕಪಾಟಿನಲ್ಲಿ ಏನಿರಬೇಕು

ಮೊದಲ ವರ್ಷಕ್ಕೆ ಎರಡು ಸಾವಿರ ರೂಪಾಯಿ ಒಳಗೆ ಮುಗಿಯುತ್ತದೆ. ಅಳತೆಯ ಟೇಪು, ಎರಡು ಥರ್ಮಾಮೀಟರ್, ನಾಲ್ಕೈದು ಭೂತಗನ್ನಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ, ದಿಕ್ಸೂಚಿ, ಟಾರ್ಚ್. ಔಷಧ ಅಂಗಡಿಯಿಂದ ಸೂಜಿ ಇಲ್ಲದ ಸಿರಿಂಜು ತನ್ನಿ. 10 ಮಿಲಿ ಲೀಟರ್‌ನದು ಅಳೆಯೋಕೂ ಆಗುತ್ತದೆ, ಗಾಳಿಯ ಒತ್ತಡ ತೋರಿಸೋಕೂ ಆಗುತ್ತದೆ. ಗುಜರಿ ಅಂಗಡಿಯಲ್ಲಿ ಕೆಟ್ಟ ಸ್ಪೀಕರ್ ಸಿಕ್ಕರೆ ಅದರೊಳಗೆ ಗಟ್ಟಿ ಅಯಸ್ಕಾಂತ ಇರುತ್ತದೆ. ಗೌಂಡಿಯವರ ತೂಗುಗುಂಡು ಒಂದು ಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ. ಇನ್ನುಳಿದದ್ದು ಖಾಲಿ ಬಾಟಲಿ, ಡಬ್ಬಿ, ದಾರ, ಹಳೆ ಸೈಕಲ್ ಟ್ಯೂಬು.

ಸ್ವಲ್ಪ ಹಣ ಉಳಿದರೆ ಫೋಲ್ಡ್‌ಸ್ಕೋಪ್ ತರಿಸಿ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಮತ್ತು ಅವರ ತಂಡ ಮಾಡಿದ ಕಾಗದದ ಸೂಕ್ಷ್ಮದರ್ಶಕ ಅದು. 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಉಳ್ಳಾಗಡ್ಡಿ ಸಿಪ್ಪೆಯ ಜೀವಕೋಶವನ್ನು ಮಕ್ಕಳು ತಮ್ಮ ಕಣ್ಣಿಂದ ನೋಡಿದ ದಿನ ಕೊಠಡಿಯಿಂದ ಯಾರೂ ಎದ್ದು ಹೋಗಲಿಲ್ಲ.

ರಾಸಾಯನಿಕಗಳನ್ನು ಕೊಳ್ಳಲೇಬೇಡಿ. ಬಿಸಿಯೂಟದ ಅಡುಗೆಮನೆಯಲ್ಲಿ ಬೇಕಾದಷ್ಟಿದೆ. ಅರಿಶಿನ ಕದಡಿದ ನೀರಲ್ಲಿ ಬಿಳಿ ಕಾಗದ ಅದ್ದಿ ಒಣಗಿಸಿ. ಸುಣ್ಣದ ತಿಳಿ, ಸೋಪಿನ ನೀರು, ಅಡುಗೆ ಸೋಡಾ, ಲಿಂಬೆ ರಸ, ಮಜ್ಜಿಗೆ ಒಂದೊಂದು ಹನಿ ಹಾಕಿ ನೋಡಲಿ. ಸುಣ್ಣಕ್ಕೆ ಕೆಂಪಾದ ಕಾಗದ ಲಿಂಬೆ ರಸಕ್ಕೆ ಮತ್ತೆ ಹಳದಿಯಾಗುತ್ತದೆ. ಮನೆಯಲ್ಲಿ ಆರತಿಗೆ ಅರಿಶಿನ, ಸುಣ್ಣ ಕಲಸಿದಾಗ ನೀರು ಯಾಕೆ ಕೆಂಪಾಗುತ್ತದೆ ಅಂತ ಅವತ್ತು ಮಕ್ಕಳೇ ಹೋಗಿ ಅಜ್ಜಿಗೆ ಹೇಳಿದರು.

ಮಳೆ, ನೆರಳು, ಹಕ್ಕಿ: ಜೂನ್‌ನಿಂದ ಫೆಬ್ರವರಿ

ಜೂನ್‌ನಲ್ಲೇ ಮಳೆಮಾಪಕ ಮಾಡಿ. ಬದಿ ನೇರವಾಗಿರುವ, ಗೀರು ಉಬ್ಬು ಇಲ್ಲದ ದೊಡ್ಡ ಬಾಟಲಿ ಆರಿಸಿ. ಮೇಲಿನ ಭಾಗವನ್ನು ನೇರ ಬದಿ ಇರುವ ಕಡೆ ಕತ್ತರಿಸಿ, ತಿರುಗಿಸಿ ಲಾಳಿಕೆಯಂತೆ ಅದರ ಬಾಯಲ್ಲೇ ಕೂರಿಸಿ. ತಳ ಸಮ ಇರುವುದಿಲ್ಲವಲ್ಲ, ಅದಕ್ಕೆ ಸಣ್ಣ ಕಲ್ಲು ಹಾಕಿ, ನೇರ ಬದಿ ಶುರುವಾಗುವ ತನಕ ನೀರು ತುಂಬಿ. ಅಲ್ಲಿಗೆ ಸೊನ್ನೆ. ಅಲ್ಲಿಂದ ಮೇಲೆ ಸ್ಕೇಲಿನ ಪಟ್ಟಿ ಅಂಟಿಸಿ. ಮರ, ಗೋಡೆಗಳಿಂದ ಅವುಗಳ ಎತ್ತರದ ಎರಡರಷ್ಟು ದೂರದಲ್ಲಿ ನಿಲ್ಲಿಸಿ. ಹವಾಮಾನ ಇಲಾಖೆಯವರು ಹಿಂದಿನ 24 ತಾಸಿನ ಮಳೆಯನ್ನು ಬೆಳಗ್ಗೆ 8:30ಕ್ಕೆ ಅಳೆಯುತ್ತಾರೆ. ನಿಮ್ಮವರೂ ಅದೇ ಹೊತ್ತಿಗೆ ಅಳೆಯಲಿ, ಅಳೆದ ಮೇಲೆ ಮತ್ತೆ ಸೊನ್ನೆಗೆ ತರಲಿ. ಶಾಲೆ ಪಕ್ಕದ ಮನೆಯ ಮಗುವಿಗೆ ಈ ಕೆಲಸ ಕೊಡಿ, ಭಾನುವಾರವೂ ತಪ್ಪಬಾರದು.

ಅಂಕಿ ಸೇರಿದ ಮೇಲೆ ಲೆಕ್ಕ ಶುರುವಾಗುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಛಾವಣಿ 100 ಚದರ ಮೀಟರ್ ಇದ್ದು 20 ಮಿಲಿಮೀಟರ್ ಮಳೆ ಬಂದರೆ 2,000 ಲೀಟರ್. ಅಷ್ಟು ನೀರು ಅಂಗಳದಲ್ಲಿ ಹರಿದು ಹೋಯಿತು ಅಂತ ಬರೆದ ದಿನ ಮಕ್ಕಳು ಛಾವಣಿಯ ಪೈಪು ಎಲ್ಲಿ ಒಡೆದಿದೆ ಅಂತ ಹುಡುಕಿಕೊಂಡು ಹೋದರು.

ಆಗಸ್ಟ್‌ನಲ್ಲಿ ನೆರಳು ಮಾಯವಾಗುವ ದಿನ ಬರುತ್ತದೆ. ನಮ್ಮ ಕಡೆ ವರ್ಷಕ್ಕೆ ಎರಡು ಸಲ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಮೇ ಮೊದಲ ವಾರದಲ್ಲಿ ಒಮ್ಮೆ, ಆಗ ರಜೆ. ಇನ್ನೊಮ್ಮೆ ಆಗಸ್ಟ್ 10, 11ರ ಸುಮಾರಿಗೆ. ಹಾವೇರಿಯಲ್ಲಿ ಅದಕ್ಕಿಂತ ಒಂದೆರಡು ದಿನ ತಡ. ಒಂದು ಉದ್ದ ಲೋಟ ಅಥವಾ ಪೈಪಿನ ತುಂಡು ನೆಟ್ಟಗೆ ನಿಲ್ಲಿಸಿ. ನೆಟ್ಟಗಿದೆಯಾ ಅಂತ ನೋಡೋಕೆ ತೂಗುಗುಂಡು ಬೇಕು. 12:20ರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿ. ನೆರಳು ಹೋಗೋದು 12 ಗಂಟೆಗಲ್ಲ, 12:35ರ ಸುಮಾರಿಗೆ. ಅಲ್ಲೇ ಮಕ್ಕಳು ಹಿಡಿಯುತ್ತಾರೆ: "ಹನ್ನೆರಡಕ್ಕ ಯಾಕಲ್ಲರಿ?" ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ ತೋರಿಸುತ್ತದೆ. ನಾವಿರೋದು 75 ಡಿಗ್ರಿಯ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಅರ್ಧ ತಾಸು ತಡ. ಉಳಿದ ನಾಲ್ಕೈದು ನಿಮಿಷ, ಭೂಮಿ ಸೂರ್ಯನ ಸುತ್ತ ಒಂದೇ ವೇಗದಲ್ಲಿ ಹೋಗದೆ ಇರುವುದರಿಂದ ಮತ್ತು ಅದರ ಅಕ್ಷ ವಾಲಿರುವುದರಿಂದ ಬರುತ್ತದೆ.

ಆಗಸ್ಟ್‌ನಲ್ಲಿ ಮೋಡ ಕಾಡುತ್ತದೆ. ನಮಗೆ ಒಂದು ವರ್ಷ ಮೂರು ದಿನವೂ ಸೂರ್ಯ ಕಾಣಲಿಲ್ಲ. ಬೇಜಾರಾಗಬೇಡಿ. ಸೆಪ್ಟೆಂಬರ್ 22, 23ಕ್ಕೆ ಹಗಲು ರಾತ್ರಿ ಸಮ ಇರುವ ದಿನ ಬರುತ್ತದೆ. ಅವತ್ತು 1 ಮೀಟರ್ ಕೋಲನ್ನು ನೆಟ್ಟು ಅತಿ ಚಿಕ್ಕ ನೆರಳು ಅಳೆಯಿರಿ. ಹುಬ್ಬಳ್ಳಿ-ಧಾರವಾಡದಲ್ಲಿ ಅದು ಸುಮಾರು 27.5 ಸೆಂಟಿಮೀಟರ್ ಬರಬೇಕು. ಕೋಲು, ನೆರಳು ಎರಡನ್ನೂ ಕಾಗದದ ಮೇಲೆ ಹತ್ತನೇ ಒಂದು ಪಾಲಿಗೆ ಇಳಿಸಿ ತ್ರಿಕೋನ ಬರೆದು, ಮೇಲಿನ ಕೋನ ಅಳೆದರೆ 15 ಡಿಗ್ರಿ ಚಿಲ್ಲರೆ. ಈಗ ಅಟ್ಲಾಸ್ ತೆಗೆದು ನಿಮ್ಮ ಊರಿನ ಅಕ್ಷಾಂಶ ನೋಡಿ. ಅದೇ ಅಂಕಿ. ಒಂದು ಕೋಲಿನಿಂದ ಭೂಮಿಯ ಮೇಲೆ ನಾವು ಎಲ್ಲಿದ್ದೇವೆ ಅಂತ ಕಂಡುಹಿಡಿದೆವು ಅಂತ ಅರಿತಾಗ ಒಂಬತ್ತನೆಯ ಮಕ್ಕಳ ಮುಖ ನೋಡಬೇಕು. ಬೀದರ್ ಕಡೆಯ ಶಾಲೆಯಲ್ಲಿ ಪರಿಚಯದವರಿದ್ದರೆ ಅವರ ಅಳತೆಯನ್ನೂ ಫೋನಿನಲ್ಲಿ ತರಿಸಿಕೊಳ್ಳಿ. ಎರಡು ಕೋನಗಳ ವ್ಯತ್ಯಾಸ, ನಕಾಶೆಯಲ್ಲಿ ಉತ್ತರ ದಕ್ಷಿಣ ದೂರ ಇವೆರಡರಿಂದ ಭೂಮಿಯ ಸುತ್ತಳತೆ ಸಿಗುತ್ತದೆ. ಗ್ರೀಕ್ ವಿದ್ವಾಂಸ ಎರಟೊಸ್ತನೀಸ್ 2,200 ವರ್ಷಗಳ ಹಿಂದೆ ಮಾಡಿದ್ದು ಇದನ್ನೇ.

ನವೆಂಬರ್ ಕಳೆದ ಮೇಲೆ ಗದಗ ಕಡೆಯವರು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗಿ. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ ಅದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವನ್ನು ಅಲ್ಲಿ ಕಳೆಯುತ್ತವೆ. ಬರೀ ನೋಡಿ ಬರಬೇಡಿ, ಎಣಿಸೋದು ಕಲಿಸಿ. ಹತ್ತು ಹಕ್ಕಿ ಎಣಿಸಿ, ಅಷ್ಟು ಜಾಗ ಎಷ್ಟಾಯಿತು ಅಂತ ಕಣ್ಣಲ್ಲಿ ಹಿಡಿದು, ಅಂಥ ಎಷ್ಟು ತುಂಡು ಇವೆ ಅಂತ ಲೆಕ್ಕ ಹಾಕಬೇಕು. ಮೂರು ಗುಂಪು ಬೇರೆ ಬೇರೆ ಎಣಿಸಿ ಹೋಲಿಸಲಿ. ಹಾವೇರಿ ಕಡೆಯವರಿಗೆ ರಾಣೆಬೆನ್ನೂರಿನ ಕೃಷ್ಣಮೃಗಗಳಿವೆ, ಸವಣೂರಿನ ದೊಡ್ಡಹುಣಸೆ (ಬಾವೊಬಾಬ್) ಮರಗಳಿವೆ. ಧಾರವಾಡದವರಿಗೆ ಕೆಲಗೇರಿ ಕೆರೆ, ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ ಹತ್ತಿರ.

ಬ್ಯಾಡಗಿ ಮೆಣಸಿನಕಾಯಿ ಮನೆಮನೆಗೂ ಬರುವ ಕಾಲದಲ್ಲಿ ಒಂದು ಸಣ್ಣ ಪ್ರಯೋಗ. ಎರಡು ಗಾಜಿನ ಲೋಟದಲ್ಲಿ ಒಂದೊಂದು ಚಮಚ ಖಾರದ ಪುಡಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಅಡುಗೆ ಎಣ್ಣೆ. ಮರುದಿನ ನೋಡಿದರೆ ಎಣ್ಣೆ ಕೆಂಪಾಗಿರುತ್ತದೆ, ನೀರಿಗೆ ಅಷ್ಟು ಬಣ್ಣ ಬಂದಿರುವುದಿಲ್ಲ. ಆ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು. ಕೈ ತೊಳೆಯದೆ ಕಣ್ಣು ಮುಟ್ಟಬಾರದು ಅಂತ ಮೊದಲೇ ಹೇಳಿ.

ಫೆಬ್ರವರಿ 28ಕ್ಕೆ ಸಿ.ವಿ. ರಾಮನ್ ಹೆಸರಲ್ಲಿ ಭಾಷಣ ಇದ್ದೇ ಇರುತ್ತದೆ. 1928ರ ಆ ದಿನದ ಶೋಧದ ನೆನಪಿಗೆ 1987ರಿಂದ ವಿಜ್ಞಾನ ದಿನ ಆಚರಿಸುತ್ತಿದ್ದೇವೆ. ಸಂಘದವರು ಅವತ್ತು ಬೆಳಕಿನ ಮೇಲೆ ಏನಾದರೂ ಮಾಡಲಿ. ಕತ್ತಲೆ ಕೊಠಡಿಯಲ್ಲಿ ಗಾಜಿನ ಪಾತ್ರೆಯ ನೀರಿಗೆ ನಾಲ್ಕು ಹನಿ ಹಾಲು ಹಾಕಿ, ಒಂದು ಕಡೆಯಿಂದ ಟಾರ್ಚ್ ಬಿಡಿ. ಬದಿಯಿಂದ ನೋಡಿದರೆ ತುಸು ನೀಲಿ, ಎದುರಿನಿಂದ ನೋಡಿದರೆ ಕಿತ್ತಳೆ. ಇದು ಬೆಳಕು ಚದುರುವ ಪರಿ, ರಾಮನ್ ಪರಿಣಾಮ ಇದಲ್ಲ ಅಂತ ಸ್ಪಷ್ಟವಾಗಿ ಹೇಳಿ. ಚದುರಿದ ಬೆಳಕಿನಲ್ಲಿ ಬಹಳ ಸ್ವಲ್ಪ ಪಾಲು ತನ್ನ ಬಣ್ಣವನ್ನೇ ಬದಲಿಸಿಕೊಂಡು ಬರುತ್ತದೆ, ರಾಮನ್ ಹಿಡಿದದ್ದು ಅದನ್ನು.

ಹುಷಾರಾಗಿರಬೇಕಾದ ಕಡೆ

ಸೂರ್ಯನನ್ನು ನೇರ ನೋಡಬಾರದು, ಕೆಲಸ ನೆರಳಿನ ಜೊತೆ ಮಾತ್ರ. ಗೋಡೆಯ ಕರೆಂಟು ಬೇಡ, ಸೆಲ್ಲು ಸಾಕು. ಆಮ್ಲ ಬೇಡ. ಬಾಟಲಿ ಕತ್ತರಿಸೋದು ದೊಡ್ಡವರ ಕೆಲಸ. ಕೆರೆಗೆ ಹೋಗುವಾಗ ಪಾಲಕರ ಸಹಿ ಇರುವ ಪತ್ರ, ಇಬ್ಬರು ದೊಡ್ಡವರು, ಪ್ರಥಮ ಚಿಕಿತ್ಸೆಯ ಡಬ್ಬಿ ಬೇಕೇ ಬೇಕು. ನೀರಿನ ಅಂಚಿಗೆ ಯಾರೂ ಇಳಿಯಬಾರದು. ಹೊಲದಲ್ಲಿ ಬಿರುಕಿನೊಳಗೆ ಕೈ ಹಾಕಬಾರದು, ಹಾವು ಇರುತ್ತದೆ.

ಯಾರನ್ನು ಕರೆಯಬೇಕು

ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ ಇದೆ. ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ, ಆದರೆ ಜೂನ್‌ನಲ್ಲಿ ಬೇಡ. ಮಕ್ಕಳ ಕೈಯಲ್ಲಿ ನಾಲ್ಕೈದು ತಿಂಗಳ ಕೆಲಸ ಆದ ಮೇಲೆ ಹೋದರೆ ಅವರು ನಿಂತು ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ. ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಬರುತ್ತದೆ. ಮಣ್ಣಿನ ಪ್ರಶ್ನೆಗಳನ್ನು ವಹಿಯಿಂದ ಚೀಟಿಗೆ ಬರೆದುಕೊಂಡು ಅಲ್ಲಿಗೆ ಹೋಗಿ, ಉತ್ತರ ಹೇಳೋಕೆ ವಿಜ್ಞಾನಿಗಳೇ ಸಿಗುತ್ತಾರೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಾಸಪತ್ರಿಕೆ ಕನ್ನಡದಲ್ಲೇ ಇದೆ, ಶಾಲೆಗೆ ತರಿಸಿ.

ಊರಿನವರನ್ನು ಮರೆಯಬೇಡಿ. ನಮ್ಮಲ್ಲಿ ಮೋಟಾರು ರಿವೈಂಡಿಂಗ್ ಮಾಡುವವರು ಒಬ್ಬರು ಬಂದು, ಸುಟ್ಟ ಮೋಟಾರು ಬಿಚ್ಚಿ ತಾಮ್ರದ ತಂತಿ ಹೇಗೆ ಸುತ್ತಿದೆ ಅಂತ ತೋರಿಸಿದರು. ವೇದಿಕೆಯ ಮೇಲೆ ಮಾತಾಡಿ ಅಂದಿದ್ದರೆ ಅವರು ಬರುತ್ತಿರಲಿಲ್ಲ. ಮೋಟಾರು ಬಿಚ್ಚಿ ತೋರಿಸಿ ಅಂದಿದ್ದಕ್ಕೆ ಬಂದರು. ಮಕ್ಕಳು ಅವರನ್ನು ಎರಡು ತಾಸು ಬಿಡಲಿಲ್ಲ. ಬಿತ್ತನೆಯ ಹದ ನೋಡುವ ಅಜ್ಜ, ಹಾಲಿನ ಡೇರಿಯಲ್ಲಿ ಜಿಡ್ಡು ಅಳೆಯುವವರು, ಆಶಾ ಕಾರ್ಯಕರ್ತೆ, ಎಲ್ಲರೂ ಬರಬಹುದು.

ಸ್ಪರ್ಧೆಗಳ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ 10ರಿಂದ 17 ವರ್ಷದ ಮಕ್ಕಳಿಗಾಗಿ ನಡೆದುಬಂದಿದೆ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಪ್ರಶಸ್ತಿ ಯೋಜನೆಗೆ ಒಂದು ಶಾಲೆ 5 ಐಡಿಯಾ ಕಳಿಸಬಹುದು, ಆಯ್ಕೆಯಾದ ಮಗುವಿನ ಖಾತೆಗೆ 10,000 ರೂಪಾಯಿ ಬರುತ್ತದೆ. ಎರಡೂ ಒಳ್ಳೆಯವು, ಕಳಿಸಿ. ಆದರೆ ಕಳಿಸುವುದು ವಹಿಯಿಂದ ಹುಟ್ಟಿದ್ದಾಗಿರಬೇಕು. ಪ್ರದರ್ಶನದ ಹಿಂದಿನ ವಾರ ಪೇಟೆಯಲ್ಲಿ ರೆಡಿ ಮಾಡೆಲ್ ಕೊಂಡು, ಅದರ ಬಗ್ಗೆ ಐದು ಸಾಲು ಬಾಯಿಪಾಠ ಮಾಡಿಸೋದು ಮಗುವಿಗೆ ಅನ್ಯಾಯ. ತೀರ್ಪುಗಾರರು ಆರನೇ ಸಾಲು ಕೇಳಿದಾಗ ತಲೆ ತಗ್ಗಿಸಿ ನಿಲ್ಲೋದು ಆ ಮಗು.

ದಸರೆ ರಜೆ ಆದ ಮೇಲೆ

ಪ್ರತಿ ವರ್ಷ ದಸರೆ ರಜೆ ಮುಗಿದ ಮೇಲೆ ಸಂಖ್ಯೆ ಇಳಿಯುತ್ತದೆ. ಇಪ್ಪತ್ತು ಇದ್ದದ್ದು ಏಳಾಗುತ್ತದೆ. ಪರೀಕ್ಷೆ, ಸುಗ್ಗಿ, ಮನೆ ಕೆಲಸ, ಕಾರಣ ಬಹಳ. ಅವಧಿ ರದ್ದು ಮಾಡಬೇಡಿ. ಏಳೇ ಮಕ್ಕಳಿದ್ದರೂ ಅದೇ ಗುರುವಾರ, ಅದೇ ಹೊತ್ತಿಗೆ ಬಾಗಿಲು ತೆಗೆಯಿರಿ. ಒಂದು ವಾರ ತಪ್ಪಿಸಿದರೆ ಮುಂದಿನ ವಾರ ಆ ಏಳೂ ಬರುವುದಿಲ್ಲ. ನೀವು ತರಬೇತಿಗೆ ಹೋಗಿದ್ದರೆ ಮಕ್ಕಳು ವಹಿ ತೆಗೆದು ಮಳೆಯ ಅಂಕಿಗಳ ಗ್ರಾಫ್ ಆದರೂ ಬರೆಯಲಿ. ಬಿಟ್ಟು ಹೋದವರಿಗೆ ಬೈಯಬೇಡಿ. ನೆರಳು, ಹಕ್ಕಿ ಅಂತ ಹೊರಗಿನ ಕೆಲಸ ಬಂದಾಗ ಅರ್ಧ ಜನ ತಾವೇ ವಾಪಸ್ ಬರುತ್ತಾರೆ.

ಶಿಕ್ಷಕರ ವರ್ಗಾವಣೆ ಇನ್ನೊಂದು ಕಷ್ಟ. ನಾವು ಹೋದರೆ ಸಂಘವೂ ಹೋಗುತ್ತದೆ. ಇದಕ್ಕೆ ನಾನು ಕಂಡುಕೊಂಡ ದಾರಿ ಒಂದೇ. ಮಾರ್ಚ್‌ನ ಕೊನೆಯ ಗುರುವಾರ ಕಪಾಟಿನ ಕೀಲಿ ಮತ್ತು ವಹಿಯನ್ನು ಒಂಬತ್ತನೆಯವರು ಎಂಟನೆಯವರ ಕೈಗೆ ಕೊಡುತ್ತಾರೆ. ಒಂದು ಕೀಲಿ ಹೆಡ್‌ಮಾಸ್ತರ ಹತ್ತಿರ ಇರುತ್ತದೆ. ಕೊಡುವ ಮೊದಲು ವರ್ಷದ ಎಲ್ಲ "ಏನು ತಿಳಿಯಲಿಲ್ಲ" ಸಾಲುಗಳನ್ನು ಜೋರಾಗಿ ಓದುತ್ತಾರೆ. ಉತ್ತರ ಸಿಕ್ಕದ್ದಕ್ಕೆ ಗುರುತು ಹಾಕುತ್ತಾರೆ. ಉಳಿದದ್ದನ್ನು ಹೊಸ ಪುಟಕ್ಕೆ ಬರೆಯುತ್ತಾರೆ.

ಈ ಸಲ ಹದಿನಾಲ್ಕು ಉಳಿದಿವೆ. ಮೊದಲನೆಯದು, ಎರೆಗೆ ಎಷ್ಟು ಪಾಲು ಮಸಾರಿ ಬೆರೆಸಿದರೆ ಬಿರುಕು ಬಿಡೋದು ನಿಲ್ಲುತ್ತದೆ ಅನ್ನೋದು. ಅದಕ್ಕೆ ಬೇಕಾದ ಐದು ಬಾಟಲಿ ತೊಳೆದು ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದಾರೆ.